ಆಟಿಕೆಯಾಗುವ ಮೊದಲು ಅದು ಏನಾಗಿತ್ತು?

(ಶಿಕ್ಷಕರು ಹಾಗೂ ಪಾಲಕರಿಗಾಗಿ ಏರ್ಪಡಿಸಿದ್ದ ಬೇಸಿಗೆ ಶಿಬಿರದಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಬಳಸಿ ಬಿಟ್ಟ ವಸ್ತುಗಳಿಂದ ಮಕ್ಕಳಿಗೆ ಉಡುಗೊರೆ ತಯಾರಿಸುವ ಈ ಶಿಬಿರದಲ್ಲಿ ಕೃಷಿ ವಿಜ್ಞಾನಿಯೊಬ್ಬನಿಗೆ ಏನು ಕೆಲಸ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು. ಸಂಘಟಕರು ಕರೆದಾಗ ನನಗೂ ಹಾಗೆಯೇ ಅನ್ನಿಸಿತ್ತು. ಕತ್ತರಿ ಹಿಡಿದು ಕಾಗದದ ಹಕ್ಕಿ ಮಾಡುವ ಕುಶಲತೆ ನನ್ನ ಕೈಗಿಲ್ಲ. ಆದರೂ ಒಪ್ಪಿಕೊಂಡು ಬಂದುದಕ್ಕೆ ಕಾರಣ, ನಾನೇ ಮಾಡಿದ ಒಂದು ತಪ್ಪು.

ನನ್ನ ಮಗಳಿಗೆ ಐದು ವರ್ಷ ತುಂಬಿದಾಗ, ಪೇಟೆಯ ಆಟಿಕೆ ಬೇಡವೆಂದು ನಾನೇ ಒಂದು ಎಳೆಯುವ ಗಾಡಿಯನ್ನು ಮಾಡಿಕೊಟ್ಟೆ. ಹಣ್ಣಿನ ಪೆಟ್ಟಿಗೆಯ ಹಲಗೆ, ಅಚ್ಚಿಗೆ ಮುರಿದ ಕೊಡೆಯ ಕಡ್ಡಿ, ಚಕ್ರಕ್ಕೆ ಅಟ್ಟದ ಮೇಲೆ ಕೂಡಿಟ್ಟಿದ್ದ ನಾಲ್ಕು ಬಿಳಿಯ ಪ್ಲಾಸ್ಟಿಕ್ ಮುಚ್ಚಳ. ಗಾಡಿ ಸೊಗಸಾಗಿ ಓಡಿತು. ರಾತ್ರಿ ಅದು ಮಗಳ ಹಾಸಿಗೆಯಲ್ಲಿಯೇ ಮಲಗುತ್ತಿತ್ತು. ಮೂರನೆಯ ದಿನ, ತೋಟದ ಕೆಲಸಕ್ಕೆ ಬರುವ ಹಿರಿಯ ಹೆಂಗಸೊಬ್ಬರು ಅಂಗಳದಲ್ಲಿ ನಿಂತು ನೋಡಿ, "ಅಯ್ಯಾ, ಇದು ಔಷಧಿ ಬಾಟ್ಲಿ ಮುಚ್ಚಳ ಅಲ್ವಾ? ನಮ್ಮನೆ ಹುಡುಗ್ರಿಗೆ ನಾ ಅದ್ನ ಮುಟ್ಟೋಕೂ ಬಿಡಲ್ಲ" ಎಂದರು.

ಸಸ್ಯಸಂರಕ್ಷಣೆಯ ಕುರಿತು ರೈತರಿಗೆ ವರ್ಷಗಟ್ಟಲೆ ಪಾಠ ಹೇಳಿದವನು ನಾನು. ನನಗೆ ಕಾಣದಿದ್ದುದು ಆ ತಾಯಿಗೆ ಕಂಡಿತು. ಮಗಳಿಗೆ ಏನೂ ಆಗಲಿಲ್ಲ; ಆಗದಿದ್ದುದು ನನ್ನ ಜಾಣತನದಿಂದಲ್ಲ. ಮುಚ್ಚಳಗಳನ್ನು ತೆಗೆದು, ಒಣಗಿದ ಕೊಂಬೆಯನ್ನು ಬಿಲ್ಲೆಗಳಾಗಿ ಕೊಯ್ದು ಹೊಸ ಚಕ್ರ ಹಾಕಿದೆ. ಅವು ಮೊದಲಿನಷ್ಟು ಚೆನ್ನಾಗಿ ಉರುಳಲಿಲ್ಲ. ಮಗಳು ಒಂದು ವಾರ ನನ್ನ ಮೇಲೆ ಮುನಿಸಿಕೊಂಡಿದ್ದಳು.

ಕೀಟನಾಶಕವನ್ನು ನಾವೆಲ್ಲರೂ 'ಔಷಧಿ' ಎಂದೇ ಕರೆಯುತ್ತೇವೆ. ಗಿಡಕ್ಕೆ ಔಷಧಿ ಹೊಡೆಯುವುದು, ಔಷಧಿ ಅಂಗಡಿ, ಔಷಧಿ ಬಾಟಲಿ. ವಿಷಕ್ಕೆ ಇಂಥ ಸೌಮ್ಯವಾದ ಹೆಸರನ್ನಿಟ್ಟ ಮೇಲೆ, ಅದರ ಖಾಲಿ ಡಬ್ಬಿಯು ಮನೆಯೊಳಗೆ ಬರುವುದಕ್ಕೆ ತಡೆಯೆಲ್ಲಿ? ಬಚ್ಚಲಿನ ತಂಬಿಗೆಯಾಗಿ, ಹೂಕುಂಡವಾಗಿ, ಈಗ 'ಕಸದಿಂದ ರಸ'ದ ಉತ್ಸಾಹದಲ್ಲಿ ಪೆನ್ಸಿಲ್ ಡಬ್ಬಿಯಾಗಿ ಬರುತ್ತಿದೆ. 2013ರ ಜುಲೈ 16ರಂದು ಬಿಹಾರದ ಸಾರಣ್ ಜಿಲ್ಲೆಯ ಶಾಲೆಯೊಂದರಲ್ಲಿ ಮಧ್ಯಾಹ್ನದ ಊಟ ಮಾಡಿದ 23 ಮಕ್ಕಳು ಸತ್ತರು. ಅಡುಗೆಯ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಎಂಬ ಕೀಟನಾಶಕವಿದ್ದುದು ಪ್ರಯೋಗಾಲಯದ ಪರೀಕ್ಷೆಯಲ್ಲಿ ತಿಳಿದುಬಂತು. ಕೀಟನಾಶಕದ ಡಬ್ಬಿಯಲ್ಲಿ ಎಣ್ಣೆಯನ್ನು ಇಟ್ಟಿದ್ದಿರಬೇಕೆಂಬ ಶಂಕೆ ಆಗಲೇ ವ್ಯಕ್ತವಾಯಿತು. ಆಟಿಕೆಗೂ ಅಡುಗೆಗೂ ಅಂತರವಿದೆ, ನಿಜ. ಆದರೆ ಚಿಕ್ಕ ಮಕ್ಕಳ ಕೈಗೂ ಬಾಯಿಗೂ ಅಂತರವಿಲ್ಲ.

ತೊಳೆದರೆ ಸಾಲದೇ ಎಂದು ಕೇಳುವಿರಿ. ಖಾಲಿ ಡಬ್ಬಿಯನ್ನು ಮೂರು ಸಲ ಗಲಬರಿಸಿ, ಆ ನೀರನ್ನು ಸಿಂಪಡಣೆಯ ಟ್ಯಾಂಕಿಗೇ ಸುರಿಯಬೇಕೆಂದು ನಾವು ರೈತರಿಗೆ ಹೇಳುತ್ತೇವೆ. ಅದು ಡಬ್ಬಿಯನ್ನು ಅಪಾಯ ಕಡಿಮೆಯಾಗುವಂತೆ ವಿಲೇವಾರಿ ಮಾಡುವ ಕ್ರಮವೇ ಹೊರತು ಮರುಬಳಕೆಗೆ ಅಪ್ಪಣೆಯಲ್ಲ. ಪ್ಲಾಸ್ಟಿಕ್ ತನ್ನ ಗೋಡೆಯೊಳಗೆ ಒಂದಿಷ್ಟು ವಿಷವನ್ನು ಹೀರಿಕೊಂಡಿರುತ್ತದೆ. ಸೋಪಿನ ನೀರು ಅಲ್ಲಿಗೆ ತಲುಪುವುದಿಲ್ಲ. ಇಂಥ ಡಬ್ಬಿಗಳನ್ನು ಮತ್ತೆ ಬಳಸಲಾಗದಂತೆ ಒಡೆದು, ಜನವಸತಿಯಿಂದ ದೂರ ಹೂಳಬೇಕೆಂದು 1971ರ ಕೀಟನಾಶಕ ನಿಯಮಗಳು ಹೇಳಿದವು. (ವರ್ಷವಿಡೀ ಹಳ್ಳ ಹರಿಯುವ ನಮ್ಮ ಕಣಿವೆಗಳಲ್ಲಿ ಹೂಳುವುದೆಲ್ಲಿ ಎಂಬ ಪ್ರಶ್ನೆಗೆ ಮಾತ್ರ ನನಗೆ ಸಮಾಧಾನದ ಉತ್ತರ ದೊರೆತಿಲ್ಲ.) ಲೇಬಲ್ಲಿನ ಮೇಲೆ ಕೆಂಪು, ಹಳದಿ, ನೀಲಿ, ಹಸಿರು ಬಣ್ಣದ ತ್ರಿಕೋನವಿರುತ್ತದೆ. ಕೆಂಪು ಅತ್ಯಂತ ಘೋರ ವಿಷ. ಹಸಿರು ಕಡಿಮೆ ವಿಷ. ಹಸಿರಿದ್ದರೆ ಮಕ್ಕಳಿಗೆ ಕೊಡಬಹುದು ಎಂದು ಯಾರೂ ತಿಳಿಯಬಾರದು. ಮೈಲುತುತ್ತದ ಚೀಲವೂ ಅಷ್ಟೆ. ಅದರಿಂದ ಗೊಂಬೆಗೆ ಅಂಗಿ ಹೊಲಿಯಬೇಡಿ.

ತೋಟದಾಚೆಯ ಇನ್ನೂ ಮೂರು ವಸ್ತುಗಳನ್ನು ಹೆಸರಿಸಿ ಮುಂದೆ ಹೋಗುತ್ತೇನೆ. ಗೃಹಬಳಕೆಯ ಬಣ್ಣದಲ್ಲಿ ಸೀಸದ ಪ್ರಮಾಣವನ್ನು ದಶಲಕ್ಷಕ್ಕೆ 90 ಭಾಗಕ್ಕೆ ಮಿತಿಗೊಳಿಸಿದ ನಿಯಮ ನಮ್ಮಲ್ಲಿ ಬಂದುದೇ 2016ರಲ್ಲಿ. ಆದುದರಿಂದ ಹಳೆಯ ಬಣ್ಣದ ಬಾಗಿಲು, ಕಿಟಕಿಗಳ ಮರವನ್ನು ಉಜ್ಜಿ ಆಟಿಕೆ ಮಾಡಬೇಡಿ. ಏಳುವ ಧೂಳೇ ಅಪಾಯ. ಹಳೆಯ ಟಿವಿ, ಕಂಪ್ಯೂಟರುಗಳ ಕಪ್ಪು ಪ್ಲಾಸ್ಟಿಕ್ಕಿನಲ್ಲಿ ಬೆಂಕಿ ತಗುಲದಂತೆ ಸೇರಿಸಿದ ಬ್ರೋಮಿನ್ ಸಂಯುಕ್ತಗಳಿರುತ್ತವೆ. ಕೆಟ್ಟ ಕೈಗಡಿಯಾರ, ಹಾಡುವ ಶುಭಾಶಯ ಪತ್ರಗಳಲ್ಲಿ ಗುಂಡಿಯಂಥ ಬ್ಯಾಟರಿಯಿರುತ್ತದೆ. ಮಗು ಅದನ್ನು ನುಂಗಿದರೆ ಎರಡು ಗಂಟೆಯೊಳಗೇ ಅನ್ನನಾಳ ಸುಡಬಹುದು.

ಇಷ್ಟು ಹೆದರಿಸಿದ ಮೇಲೆ ಉಳಿದುದೇನು? ಬೇಕಾದಷ್ಟಿದೆ.

ಅಡಿಕೆ ಮರವೊಂದು ವರ್ಷಕ್ಕೆ ಐದಾರು ಹಾಳೆಗಳನ್ನು ಉದುರಿಸುತ್ತದೆ. ಹಾಳೆಯ ಮೇಲೆ ಒಬ್ಬ ಕುಳಿತು, ಇನ್ನೊಬ್ಬ ಸೋಗೆಯನ್ನು ಹಿಡಿದು ಅಂಗಳದ ತುಂಬ ಎಳೆಯುವ ಆಟವನ್ನು ಇಲ್ಲಿರುವ ಬಹುತೇಕರು ಆಡಿದ್ದೀರಿ. ಅದಕ್ಕಿಂತ ಉತ್ತಮ ವಾಹನವನ್ನು ನಾನು ಬೇರೆಲ್ಲಿಯೂ ಕಂಡಿಲ್ಲ. ಸವೆದರೆ ಗೊಬ್ಬರದ ಗುಂಡಿಗೆ. ಇಲ್ಲಿಯೂ ಒಂದು ಎಚ್ಚರ ಬೇಕು. ಕೊಳೆರೋಗಕ್ಕೆಂದು ಮಳೆಗಾಲದಲ್ಲಿ ಶೇ. 1ರ ಬೋರ್ಡೋ ದ್ರಾವಣ, ಅಂದರೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ ಮತ್ತು ಒಂದು ಕಿಲೋ ಸುಣ್ಣ, ಸಿಂಪಡಿಸುತ್ತೇವೆ. ನೀಲಿ ಕಲೆಯಿರುವ ಹಾಳೆಯನ್ನು ಬಿಟ್ಟು ಬೇಸಿಗೆಯಲ್ಲಿ ಬಿದ್ದ ಹಾಳೆಯನ್ನು ಆರಿಸಿಕೊಳ್ಳಿ. 2025ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಅಡಿಕೆಯ ಕ್ಷಾರಪದಾರ್ಥಗಳು ಆಹಾರಕ್ಕೆ ಇಳಿಯಬಹುದೆಂದು ಹಾಳೆತಟ್ಟೆಗಳಿಗೆ ಆಕ್ಷೇಪವೆತ್ತಿತು. ನಮ್ಮ ಭಾಗದ ಅನೇಕ ಕುಟುಂಬಗಳ ದುಡಿಮೆಗೆ ಅದರಿಂದ ಪೆಟ್ಟು ಬಿದ್ದಿದೆ, ನನಗೂ ನೋವಿದೆ. ಆದರೂ ನಮ್ಮ ತೋಟದ್ದೆಂಬ ಮಮತೆಯಿಂದ ಪ್ರಶ್ನೆಯನ್ನು ತಳ್ಳಿಹಾಕಲಾರೆ. ಎಳೆಯುವ ಗಾಡಿಗೆ ಆ ಆತಂಕವಿಲ್ಲ. ಹಲ್ಲು ಬರುತ್ತಿರುವ ಕೂಸಿಗೆ ಮಾತ್ರ ಹಾಳೆಯ ಗಿಲಕಿಯನ್ನು ಕೊಡಬೇಡಿ.

ಎಳೆಗೂಸಿಗೆ ಕೊಡುವುದಾದರೆ ಬಟ್ಟೆಯಂಥದು ಇನ್ನೊಂದಿಲ್ಲ. ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಸಿದ್ದಿ ಹೆಂಗಸರು ಹೊಲಿಯುವ ಕವಂದಿಯನ್ನು ನೋಡಿ. ಉಟ್ಟು ಹಳತಾದ ಸೀರೆ, ಅಂಗಿಗಳ ತುಂಡುಗಳನ್ನು ಅಂಚಿನಿಂದ ಆರಂಭಿಸಿ, ಸುತ್ತುತ್ತಾ ನಡುವಿಗೆ ಬರುವಂತೆ ಜೋಡಿಸಿ ಹೊಲಿಯುತ್ತಾರೆ. ಕೊನೆಯಲ್ಲಿ ನಾಲ್ಕು ಮೂಲೆಗೂ ಬಟ್ಟೆಯನ್ನು ಮಡಚಿ 'ಫೂಲ'ವನ್ನು, ಅಂದರೆ ಹೂವನ್ನು ಇಡುತ್ತಾರೆ. ಅದಿಲ್ಲದ ಕವಂದಿ ಬತ್ತಲೆಯೆಂದು ಅವರ ಎಣಿಕೆ. ತೊಟ್ಟಿಲ ಕೂಸಿಗೆಂದೇ ಚಿಕ್ಕ ಕವಂದಿಗಳನ್ನೂ ಮಾಡುತ್ತಾರೆ. ಹತ್ತಾರು ಸಲ ಒಗೆದ ಹತ್ತಿಬಟ್ಟೆಯಿಂದ ಗಂಜಿಯೂ ಬಿಡುವ ಬಣ್ಣವೂ ಬಹುಮಟ್ಟಿಗೆ ಹೋಗಿರುತ್ತವೆ, ಎಳೆ ಮೆತ್ತಗಾಗಿರುತ್ತದೆ. ಹಳೆಯದಾಗಿರುವುದೇ ಇಲ್ಲಿ ಗುಣ. ಅಲ್ಲದೆ, ಆ ಸೀರೆ ಯಾರದೆಂದು ಮನೆಯವರಿಗೆಲ್ಲ ಗೊತ್ತಿರುತ್ತದೆ.

ಶಾಲೆಯ ವಯಸ್ಸಿನವರಿಗೆ ಅರವಿಂದ ಗುಪ್ತಾ ಅವರ ದಾರಿಯಿದೆ. ಕಾನ್ಪುರದ ಐಐಟಿಯಲ್ಲಿ ಓದಿದ ಅವರು, 1972ರಲ್ಲಿ ಆರಂಭವಾದ ಹೋಶಂಗಾಬಾದ್ ವಿಜ್ಞಾನ ಶಿಕ್ಷಣ ಕಾರ್ಯಕ್ರಮದಲ್ಲಿ ಕೆಲಸ ಮಾಡುತ್ತಾ, ಬೆಂಕಿಕಡ್ಡಿ ಮತ್ತು ಸೈಕಲ್ಲಿನ ವಾಲ್ವ್ ಟ್ಯೂಬಿನ ಚೂರುಗಳಿಂದ ರೇಖಾಗಣಿತವನ್ನೇ ಕಟ್ಟಿದರು. ಕಡ್ಡಿಯ ಮದ್ದನ್ನು ಮೊದಲು ಕೆರೆದು ತೆಗೆಯಬೇಕು. ಅದು ನಿಮ್ಮ ಕೆಲಸ. ಬಳಿಕ ಮಗು ನಾಲ್ಕು ಕಡ್ಡಿಗಳ ಚೌಕ ಮಾಡಿ ಒತ್ತಲಿ, ಅದು ವಾಲುತ್ತದೆ. ಮೂರು ಕಡ್ಡಿಗಳ ತ್ರಿಕೋನವನ್ನು ಒತ್ತಲಿ, ಅದು ಅಲುಗುವುದಿಲ್ಲ. ಆಮೇಲೆ ಮಗುವನ್ನು ಕೊಟ್ಟಿಗೆಗೆ ಕರೆದೊಯ್ದು ಮಾಡಿನ ಕೆಳಗೆ ನಿಲ್ಲಿಸಿ ಮೇಲೆ ನೋಡಲು ಹೇಳಿ. ಏನೂ ವಿವರಿಸಬೇಡಿ, ಅದೇ ಕಂಡುಕೊಳ್ಳುತ್ತದೆ.

ಹೊರಗಿನ ಜಗಲಿಯಲ್ಲಿ ನೀವೆಲ್ಲ ಮನೆಯಿಂದ ತಂದ ಸಾಮಗ್ರಿಗಳ ರಾಶಿಯಿದೆ. ಬರುವಾಗ ನೋಡಿದೆ, ಅದರಲ್ಲಿ ಎರಡು ಬಿಳಿಯ ಬಾಟಲಿಗಳಿವೆ, ಲೇಬಲ್ಲು ಕಿತ್ತುಹೋಗಿದೆ. ತಂದವರು ಯಾರೆಂದು ಕೇಳುವುದಿಲ್ಲ. ಕತ್ತರಿ ಕೈಗೆತ್ತಿಕೊಳ್ಳುವ ಮೊದಲು ನಾವೆಲ್ಲರೂ ಆ ರಾಶಿಯ ಸುತ್ತ ಕುಳಿತು, ಒಂದೊಂದೇ ವಸ್ತುವನ್ನು ಎತ್ತಿ, ಅದು ಮೊದಲು ಏನಾಗಿತ್ತೆಂದು ಹೇಳುತ್ತಾ ಹೋಗೋಣ. ಗೊತ್ತಿಲ್ಲದ್ದನ್ನು ಪಕ್ಕಕ್ಕಿಡೋಣ. ಬನ್ನಿ.