ಊರ ಹೆಸರು ಹೊತ್ತ ತಿನಿಸುಗಳು



ಶಿವಮೊಗ್ಗದ ವಿನೋಬನಗರದಂಥ ಬಡಾವಣೆಯಲ್ಲಿ ಸಂಜೆ ಒಂದು ಸುತ್ತು ಹಾಕಿದರೆ ‘ದಾವಣಗೆರೆ ಬೆಣ್ಣೆ ದೋಸೆ’ ಎಂಬ ಫಲಕ ಕಣ್ಣಿಗೆ ಬೀಳುವುದು ಸಹಜ. ದಾವಣಗೆರೆಯವರಿಗೆ ‘ಬೆಣ್ಣೆ ದೋಸೆ’ ಎಂದರೆ ಸಾಕು. ತಿನಿಸು ಊರು ಬಿಟ್ಟು ಹೊರಟಾಗಲೇ ಅದಕ್ಕೆ ಊರಿನ ಹೆಸರು ಅಂಟುತ್ತದೆ.

ಮದ್ದೂರು ವಡೆಯನ್ನೇ ನೋಡಿ. ಅಕ್ಕಿ ಹಿಟ್ಟು, ಮೈದಾ, ರವೆ, ಈರುಳ್ಳಿ ಕಲಸಿ ತಟ್ಟಿ ಕರಿದ ಈ ವಡೆಯನ್ನು ಪ್ರಸಿದ್ಧಿಗೆ ತಂದವರು ಬೆಂಗಳೂರು–ಮೈಸೂರು ರೈಲಿನ ಪ್ರಯಾಣಿಕರು. ಗೋಕಾಕದ ಕರದಂಟು ಕರಿದ ಅಂಟು, ಬೆಲ್ಲ, ಒಣಹಣ್ಣುಗಳಿಂದಾದದ್ದು; ಹಲವು ದಿನ ಕೆಡದೆ ಉಳಿಯುವುದರಿಂದ ದೂರದ ಊರುಗಳಿಗೂ ಹೋಯಿತು.

ಧಾರವಾಡ ಪೇಡೆಯ ಕತೆ ಇನ್ನೂ ಸ್ವಾರಸ್ಯಕರ. ಅದನ್ನು ತಂದವರು ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ವಲಸೆ ಬಂದ ಠಾಕೂರ್ ಮನೆತನದವರು. ಖೋವಾವನ್ನು ಕಂದು ಬಣ್ಣ ಬರುವವರೆಗೆ ಹುರಿದು, ಉಂಡೆ ಕಟ್ಟಿ, ಸಕ್ಕರೆಯಲ್ಲಿ ಹೊರಳಿಸುತ್ತಾರೆ. ಭೌಗೋಳಿಕ ಸೂಚಕಗಳ 1999ರ ಕಾಯ್ದೆಯಡಿ ಈಗ ಆ ಹೆಸರಿಗೆ ರಕ್ಷಣೆಯೂ ಇದೆ.

ಆದರೆ ನಮ್ಮ ಮಲೆನಾಡಿನ ಕಡುಬು, ಕೆಸುವಿನ ಪತ್ರೊಡೆ, ಕಳಲೆ ಪಲ್ಯಗಳಿಗೆ ಯಾವ ಊರ ಹೆಸರಿದೆ? ಬಹುಪಾಲು ಮನೆಯಲ್ಲೇ ಬೆಂದು ಮನೆಯಲ್ಲೇ ತೀರುವ ತಿನಿಸುಗಳಿವು. ಇವುಗಳಿಗೆ ಪೇಟೆಯ ಫಲಕವೂ ಇಲ್ಲ, ಕಾಯ್ದೆಯ ಕಾವಲೂ ಇಲ್ಲ. ಮನೆಯವರು ಮಾಡುವುದನ್ನು ಬಿಟ್ಟರೆ ಅಲ್ಲಿಗೆ ಮುಗಿಯಿತು.

ಆದ್ದರಿಂದ ಮಿತ್ರರೇ, ಈ ರಜೆಯಲ್ಲಿ ಅಜ್ಜಿಯ ಬಳಿ ಕುಳಿತು ಒಂದು ತಿನಿಸಿನ ಅಳತೆಯನ್ನೂ ಹದವನ್ನೂ ಬರೆದುಕೊಳ್ಳಿ. ಅಳತೆ ಪುಸ್ತಕದಲ್ಲಿಯೂ ಸಿಕ್ಕೀತು. ಹದ ಮಾತ್ರ ಮಾಡಿದ ಕೈಗೇ ಗೊತ್ತು.