ಹಬ್ಬಕ್ಕೆ ಹೊರಟ ಕ್ರೂಸರ್



ನಾಳೆ ಆಯುಧ ಪೂಜೆ. ನಾಡಿದ್ದು ಅಕ್ಟೋಬರ್ 2. ಈ ಸಲ ವಿಜಯದಶಮಿಯೂ ಅವತ್ತೇ, ಗಾಂಧಿ ಜಯಂತಿಯೂ ಅವತ್ತೇ. ಬೆಂಗಳೂರು ಅರ್ಧ ಖಾಲಿಯಾಗ್ತಾ ಇದೆ. ಮೆಜೆಸ್ಟಿಕ್‌ನಲ್ಲಿ ನಮ್ಮ ವರದಿಗಾರರು ನಿಂತಿದ್ದಾರೆ, ಆನಂದರಾವ್ ಸರ್ಕಲ್‌ನಲ್ಲಿ ಇನ್ನೊಬ್ಬರು ನಿಂತಿದ್ದಾರೆ. ಪ್ರತಿ ವರ್ಷದ ದೃಶ್ಯ: ತಲೆ ಮೇಲೆ ಚೀಲ, ಕಂಕುಳಲ್ಲಿ ಮಗು, ಕಿಟಕಿಯೊಳಗಿಂದ ಟವೆಲ್ ಹಾಕಿ ಸೀಟು ಹಿಡಿಯೋ ಜನ. ಖಾಸಗಿ ಬಸ್ಸಿನ ದರ ಡಬಲ್ ಆಗಿದೆ ಅಂತ ನಾವೂ ಸ್ಕ್ರೀನ್ ಮೇಲೆ ಕೆಂಪು ಅಕ್ಷರದಲ್ಲಿ ಹಾಕಿದ್ದೀವಿ. ಹಾಕ್ತಾನೇ ಇರ್ತೀವಿ.

ಆದರೆ ಇವತ್ತು ನಾನು ಮಾತಾಡಬೇಕು ಅಂತಿರೋದು ದರದ ಬಗ್ಗೆ ಅಲ್ಲ. ನಿನ್ನೆ ಸಂಜೆ ಕಚೇರಿಗೆ ಬಂದ ಒಂದು ಫೋನಿನ ಬಗ್ಗೆ.

ಕರೆ ಮಾಡಿದವರು ವಳಕಮದಿನ್ನಿಯವರು. ರಾಯಚೂರು ಜಿಲ್ಲೆ, ಆ ಕಡೆ ಸಿಂಧನೂರು, ಈ ಕಡೆ ಮಸ್ಕಿ, ಲಿಂಗಸುಗೂರು. ವಯಸ್ಸಾದವರ ಧ್ವನಿ. "ನಮಸ್ಕಾರ್ರೀ ಸರ. ನಿಮ್ಮ ಟಿವಿ ದಿನಾ ನೋಡ್ತೀವ್ರಿ. ಒಂದು ಮಾತು ಕೇಳ್ಲೇನ್ರಿ?" ಅಂದ್ರು. ಕೇಳಿ ಯಜಮಾನ್ರೇ ಅಂದೆ. ಮಗ, ಸೊಸೆ, ಎರಡು ಮೊಮ್ಮಕ್ಕಳು ಬೆಂಗಳೂರಲ್ಲಿದ್ದಾರೆ. ಕಟ್ಟಡದ ಕೆಲಸ, ಶೆಡ್‌ನಲ್ಲಿ ವಾಸ. ಹಬ್ಬಕ್ಕೆ ಬರಬೇಕು. ಸರ್ಕಾರಿ ಬಸ್ಸಿನ ಸೀಟು ಹದಿನೈದು ದಿನದ ಹಿಂದೇ ಮುಗಿದಿದೆ. ಖಾಸಗಿ ಸ್ಲೀಪರ್ ಕೇಳಿದರೆ ಒಬ್ಬರಿಗೆ ಹದಿನೆಂಟುನೂರು. ನಾಲ್ಕು ಜನಕ್ಕೆ ಲೆಕ್ಕ ಹಾಕಿ ನೋಡಿ, ಹೋಗಿ ಬರೋದಕ್ಕೆ ಇಬ್ಬರೂ ಎಷ್ಟು ದಿನ ಮಣ್ಣು ಹೊರಬೇಕು ಅಂತ. ಅದಕ್ಕೆ ಆ ಕಡೆಯ ಊರುಗಳವರೆಲ್ಲ ಸೇರಿ ಒಂದು ಕ್ರೂಸರ್ ಮಾಡಿದ್ದಾರೆ. ತಲೆಗೆ ಏಳುನೂರು.

"ಎಷ್ಟು ಜನ ಬರ್ತಿದ್ದಾರೆ?" ಅಂದೆ.

"ಮಕ್ಳನ್ನ ಬಿಟ್ಟು ಹದಿನೆಂಟು ಜನ ಅದಾರ್ರಿ."

ಮಕ್ಕಳನ್ನ ಬಿಟ್ಟು! ನಮ್ಮ ಲೆಕ್ಕದಲ್ಲಿ ಮಕ್ಕಳು ಸೀಟಲ್ಲ, ಮಡಿಲು.

"ಹಗಲು ಹೊತ್ತು ಹೊರಡೋಕೆ ಹೇಳಿ ಯಜಮಾನ್ರೇ, ರಾತ್ರಿ ಬೇಡ" ಅಂದೆ. ಅವರು ನಕ್ಕರು. ಬೇಜಾರಿನ ನಗು. "ಹಗಲ ಹೊಂಟ್ರ ಒಂದಿನದ ಪಗಾರ ಹೋಗತೈತಲ್ರೀ ಸರ, ಗಂಡ-ಹೆಂಡ್ತಿ ಇಬ್ರದೂ. ಗಾಡಿಯವನೂ ಹಗಲ ಬರಂಗಿಲ್ರಿ. ರಾತ್ರಿ ಹೊಂಟು ಬೆಳಿಗ್ಗಿ ಇಳಿಸಿ, ತಿರುಗಿ ಇನ್ನೊಂದು ಟ್ರಿಪ್ಪಿಗಿ ಹೋಗ್ತಾನ."

ನಾನು ಸ್ಟುಡಿಯೋದಲ್ಲಿ ಕೂತು "ರಾತ್ರಿ ಪ್ರಯಾಣ ಬೇಡ" ಅಂತ ಸಲೀಸಾಗಿ ಹೇಳ್ತೀನಿ. ಹೇಳೋದಕ್ಕೆ ನನಗೇನೂ ಖರ್ಚಿಲ್ಲ. ಕೇಳೋರಿಗೆ ಒಂದು ದಿನದ ಕೂಲಿ ಖರ್ಚು. ಇದನ್ನ ಒಪ್ಪಿಕೊಂಡೇ ಮುಂದಿನ ಮಾತು ಹೇಳ್ತೀನಿ.

ಆ ಕ್ರೂಸರ್ ಬರೋ ದಾರಿ ಯಾವುದು? ತುಮಕೂರು, ಶಿರಾ, ಹಿರಿಯೂರು. ಅಲ್ಲಿಂದ ರಾಷ್ಟ್ರೀಯ ಹೆದ್ದಾರಿ 150ಎ ಹಿಡಿದು ಚಳ್ಳಕೆರೆ, ಬಳ್ಳಾರಿ, ಸಿರುಗುಪ್ಪ, ಸಿಂಧನೂರು, ಮಸ್ಕಿ. ಈ ದಾರಿಯಲ್ಲಿ ಶಿರಾ ಹತ್ತಿರ ಬಾಲೇನಹಳ್ಳಿ ಅಂತ ಒಂದು ಊರಿದೆ. 2022ರ ಆಗಸ್ಟ್ 25, ಗಣೇಶನ ಹಬ್ಬಕ್ಕೆ ಆರು ದಿನ ಇತ್ತು. ರಾಯಚೂರು ಜಿಲ್ಲೆಯಿಂದ ಕೂಲಿಗೆ ಅಂತ ಬೆಂಗಳೂರಿಗೆ ಹೊರಟಿದ್ದವರು ಒಂದೇ ವಾಹನದಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಇದ್ದರು. ಬೆಳಗಿನ ಜಾವ ಲಾರಿಗೆ ಡಿಕ್ಕಿ. 9 ಜನ ಹೋದರು, ಅದರಲ್ಲಿ ಮಕ್ಕಳೂ ಇದ್ದರು. ಪ್ರಧಾನಿಯವರ ಪರಿಹಾರ ನಿಧಿಯಿಂದ ಸತ್ತವರಿಗೆ 2 ಲಕ್ಷ, ಗಾಯಾಳುಗಳಿಗೆ 50 ಸಾವಿರ ಘೋಷಣೆ ಆಯ್ತು. ಘೋಷಣೆ ತಪ್ಪು ಅಂತ ನಾನು ಹೇಳಲ್ಲ. ಆದರೆ ಮೂರು ವರ್ಷ ಆದ ಮೇಲೂ ಅದೇ ಜಿಲ್ಲೆಯ ಜನ, ಅದೇ ರಸ್ತೆ, ಅದೇ ಥರದ ಗಾಡಿ, ಅದೇ ಹೊತ್ತು. ಬದಲಾಗಿದ್ದು ಏನು?

ಇನ್ನು ಮೂರು ಘಟನೆ ಹೇಳ್ತೀನಿ. ಮೂರನ್ನೂ ಇದೇ ಕುರ್ಚಿಯಲ್ಲಿ ಕೂತು ನಿಮಗೆ ಓದಿ ಹೇಳಿದ್ದೀನಿ.

2023, ಅಕ್ಟೋಬರ್ 26. ವಿಜಯದಶಮಿ ಮುಗಿದು ಎರಡೇ ದಿನ. ಗೋರಂಟ್ಲ ಕಡೆಯಿಂದ ಬೆಂಗಳೂರಿಗೆ ವಾಪಸ್ ಬರ್ತಿದ್ದ ಟಾಟಾ ಸುಮೋ ಚಿಕ್ಕಬಳ್ಳಾಪುರದ ಹತ್ತಿರ ನಿಂತಿದ್ದ ಟ್ಯಾಂಕರ್‌ಗೆ ಹಿಂದಿನಿಂದ ಗುದ್ದಿತು. ಮಂಜು ಕವಿದಿತ್ತು. 13 ಜನ. ಎಲ್ಲಿ ಗೊತ್ತಾ? ಸಂಚಾರ ಪೊಲೀಸ್ ಠಾಣೆಯ ಸಮೀಪದಲ್ಲೇ.

2024, ಜೂನ್ 28. ಭದ್ರಾವತಿ ತಾಲ್ಲೂಕಿನ ಎಮ್ಮೆಹಟ್ಟಿಯವರು ಚಿಂಚಲಿ ಮಾಯಕ್ಕನ ದರ್ಶನ ಮಾಡಿಕೊಂಡು ಟೆಂಪೋ ಟ್ರಾವೆಲರ್‌ನಲ್ಲಿ ಮನೆಗೆ ಮರಳ್ತಿದ್ದರು. ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಬಳಿ, ಬೆಳಗಿನ ಜಾವ, ನಿಂತಿದ್ದ ಲಾರಿ. ಮತ್ತೆ 13 ಜನ.

2025, ಏಪ್ರಿಲ್ 5. ರಂಜಾನ್ ಹಬ್ಬ ಆಗಿ ವಾರ ತುಂಬಿರಲಿಲ್ಲ. ಬಾಗಲಕೋಟೆಯವರು ಕಲಬುರಗಿಯ ಬಂದೇನವಾಜ್ ದರ್ಗಾಕ್ಕೆ ಹೊರಟಿದ್ದರು. ಜೇವರ್ಗಿ ತಾಲ್ಲೂಕಿನ ನೆಲೋಗಿ ಕ್ರಾಸ್, ಬೆಳಗಿನ ಜಾವ, ನಿಂತಿದ್ದ ಲಾರಿ. 5 ಜನ.

ಗಮನಿಸಿದ್ರಾ ವೀಕ್ಷಕರೇ? ಒಬ್ಬರು ದಸರಾ ಮುಗಿಸಿ ಬಂದವರು, ಒಬ್ಬರು ಮಾಯಕ್ಕನ ಭಕ್ತರು, ಒಬ್ಬರು ದರ್ಗಾಕ್ಕೆ ಹೊರಟವರು. ದೇವರು ಬೇರೆ ಬೇರೆ. ಲಾರಿ ಮಾತ್ರ ಮೂರೂ ಕಡೆ ರಸ್ತೆಯಲ್ಲಿ ನಿಂತಿತ್ತು.

ನಾವು ಇದನ್ನ "ಭೀಕರ ಅಪಘಾತ" ಅಂತೀವಿ, "ವಿಧಿಯಾಟ" ಅಂತೀವಿ, "ಜವರಾಯನ ಅಟ್ಟಹಾಸ" ಅಂತೀವಿ. ಈ ಜವರಾಯನ ಮಾತನ್ನ ನಾನೇ ಎಷ್ಟು ಸಲ ಓದಿದ್ದೀನೋ ಲೆಕ್ಕವಿಲ್ಲ. ಇನ್ನು ಮೇಲೆ ಓದಲ್ಲ ಅಂತ ನಮ್ಮ ಡೆಸ್ಕ್‌ನವರಿಗೆ ಹೇಳಿದ್ದೀನಿ. ಯಾಕಂದ್ರೆ ಆ ಲಾರಿಯನ್ನ ಅಲ್ಲಿ ನಿಲ್ಲಿಸಿದ್ದು ಜವರಾಯ ಅಲ್ಲ. ಹೆದ್ದಾರಿಯಲ್ಲಿ ಬೇರೆಯವರಿಗೆ ಅಪಾಯ ಆಗೋ ಹಾಗೆ ವಾಹನ ನಿಲ್ಲಿಸಬಾರದು ಅಂತ ಮೋಟಾರು ವಾಹನ ಕಾಯ್ದೆಯ 122ನೇ ಕಲಮೇ ಇದೆ. ಲಾರಿ ಹಿಂದೆ ಹೊಳೆಯುವ ಪಟ್ಟಿ ಇರಬೇಕು, ಚಿಕ್ಕ ಗಾಡಿ ಕೆಳಗೆ ನುಗ್ಗದ ಹಾಗೆ ಅಡ್ಡ ಕಂಬಿ ಇರಬೇಕು ಅಂತ ನಿಯಮ ಇದೆ. ಎಷ್ಟು ಲಾರಿಗೆ ಇದೆ? ನಾಳೆ ನೀವೇ ಹೆದ್ದಾರಿಯಲ್ಲಿ ಹೋಗುವಾಗ ಎಣಿಸಿ. ಪಟ್ಟಿ ಇದ್ದರೂ ಕೆಸರು ಮೆತ್ತಿ ಕಾಣಲ್ಲ.

ಲಾರಿ ಚಾಲಕನ ಮಾತೂ ಕೇಳಬೇಕು. ಅವನಿಗೆ ನಿದ್ದೆ ಬಂದಿದೆ, ಎಲ್ಲಿ ನಿಲ್ಲಿಸ್ತಾನೆ? ಟೋಲ್ ಕಟ್ಟಿಸಿಕೊಳ್ಳೋಕೆ ಇರೋ ಜಾಗ ಲಾರಿ ನಿಲ್ಲೋಕೆ ಇಲ್ಲ. ಡಾಬಾದ ಎದುರು ನಿಲ್ಲಿಸಿದರೆ ಡೀಸೆಲ್ ಕದೀತಾರೆ ಅನ್ನೋ ಭಯ. ಕೆಟ್ಟು ನಿಂತರೆ ಮೆಕ್ಯಾನಿಕ್ ಬರೋವರೆಗೂ ಅಲ್ಲೇ. ತ್ರಿಕೋನದ ಹೊಳೆಯೋ ಫಲಕ ಇಡಬೇಕು, ಅದರ ಬದಲು ಬೇವಿನ ಟೊಂಗೆ ಮುರಿದು ನಾಲ್ಕು ಕಲ್ಲು ಇಡ್ತಾನೆ. ಗಾಡಿ ರಿಪೇರಿ ಆದ ಮೇಲೆ ಲಾರಿ ಹೋಗತ್ತೆ, ಕಲ್ಲು ಅಲ್ಲೇ ಇರತ್ತೆ. ರಾತ್ರಿ ಬೈಕಿನವನಿಗೆ ಆ ಕಲ್ಲೇ ಸಾಕು.

ಕಲ್ಲು ಅಂದಾಗ ಇನ್ನೊಂದು ನೆನಪಾಯ್ತು. ನಮ್ಮ ಆ ಭಾಗದ ರೈತರಿಗೆ ಕೈಮುಗಿದು ಒಂದು ಮಾತು. ಸಜ್ಜೆ, ಹೆಸರು, ಜೋಳ ರಸ್ತೆ ಮೇಲೆ ಹರವ್ತೀರಿ, ಕಣ ಇಲ್ಲ, ನನಗೆ ಗೊತ್ತು. ರಾಶಿಗೆ ಅಂಚು ಅಂತ ದೊಡ್ಡ ದೊಡ್ಡ ಕಲ್ಲು ಇಡ್ತೀರಿ. ಕತ್ತಲಾಗೋ ಮುಂಚೆ ಆ ಕಲ್ಲು ತೆಗೀರಿ. ರಾತ್ರಿ ಆ ದಾರಿಯಲ್ಲಿ ಬರೋದು ನಿಮ್ಮ ಬೀಗರೇ, ನಿಮ್ಮ ಮಕ್ಕಳೇ. ಹಾಗೇ ಟ್ರ್ಯಾಕ್ಟರ್. ಟ್ರೈಲರ್ ಹಿಂದೆ ಒಂದು ದೀಪ ಇಲ್ಲ, ಒಂದು ರಿಫ್ಲೆಕ್ಟರ್ ಇಲ್ಲ. ಒಂದು ಕೆಂಪು ಸ್ಟಿಕ್ಕರ್ ಅಂಟಿಸೋಕೆ ಎಷ್ಟು ಖರ್ಚಾಗತ್ತೆ ಹೇಳಿ.

ಈಗ ಬೆಳಗಿನ ಜಾವದ ವಿಷಯ. ಮೂರರಿಂದ ಆರು ಗಂಟೆ. ದೇಹಕ್ಕೆ ಅದು ನಿದ್ದೆಯ ಹೊತ್ತು, ಎಷ್ಟೇ ಚಹಾ ಕುಡಿದರೂ, ಗುಟ್ಕಾ ಜಗಿದರೂ, ಹಾಡು ಹಾಕಿದರೂ. ಚಾಲಕ ಕಣ್ಣು ಮುಚ್ಚಿದ್ದು ಅವನಿಗೇ ಗೊತ್ತಾಗಲ್ಲ. 80 ಕಿಲೋಮೀಟರ್ ವೇಗದಲ್ಲಿ ಹೋಗೋ ಗಾಡಿ ಒಂದು ಸೆಕೆಂಡಿಗೆ 22 ಮೀಟರ್ ಓಡತ್ತೆ. ಮೂರು ಸೆಕೆಂಡ್ ತೂಕಡಿಸಿದರೆ 66 ಮೀಟರ್ ಗಾಡಿಗೆ ಚಾಲಕನೇ ಇಲ್ಲ. ಅವನು ಹಿಂದಿನ ರಾತ್ರಿಯೂ ಟ್ರಿಪ್ ಹೊಡೆದವನಾದರೆ? ಹಬ್ಬದ ನಾಲ್ಕು ದಿನ ದುಡಿದರೆ ಎರಡು ತಿಂಗಳ ಕಂತು ಕಟ್ಟಬಹುದು ಅನ್ನೋದು ಅವನ ಲೆಕ್ಕ. ಅವನಿಗೂ ಹೆಂಡತಿ ಮಕ್ಕಳಿದ್ದಾರೆ. 2025ರ ಜನವರಿಯಲ್ಲಿ ಸಿಂಧನೂರಿನ ಅರಗಿನಮರ ಕ್ಯಾಂಪ್ ಹತ್ತಿರ ವಾಹನ ಪಲ್ಟಿಯಾಗಿ ಮಂತ್ರಾಲಯದ ಸಂಸ್ಕೃತ ವಿದ್ಯಾಪೀಠದ ಮೂವರು ಹುಡುಗರು ಹೋದರು, ನಾಲ್ಕನೆಯವನು ಚಾಲಕ. ಹಂಪಿಗೆ, ನರಹರಿ ತೀರ್ಥರ ಆರಾಧನೆಗೆ ಹೊರಟಿದ್ದ ಮಕ್ಕಳು. ಹೆಚ್ಚುಕಮ್ಮಿ ಅದೇ ಹೊತ್ತಿಗೆ, ಜನವರಿ 22ರ ಬೆಳಗಿನ ಜಾವ, ಯಲ್ಲಾಪುರದಲ್ಲಿ ತರಕಾರಿ ಲಾರಿ ಉರುಳಿ ಸವಣೂರಿನ ಹತ್ತು ವ್ಯಾಪಾರಿಗಳು ಸತ್ತರು. ಕುಮಟಾ ಸಂತೆಗೆ ಹೊರಟಿದ್ದವರು, ಹಣ್ಣು ತರಕಾರಿ ಮೂಟೆಗಳ ಜೊತೆ ಲಾರಿಯಲ್ಲೇ ಕೂತಿದ್ದರು. ಅವತ್ತು ನಾವು ದಿನವಿಡೀ ನೇರ ಪ್ರಸಾರ ಮಾಡಿದ್ದೆವು.

ಯಾಕೆ ಮಾಡಿದ್ದೆವು? ಹದಿನಾಲ್ಕು ಜನ ಒಟ್ಟಿಗೆ ಹೋದರು ಅಂತ. ಒಬ್ಬೊಬ್ಬರೇ ಸತ್ತರೆ ನಮ್ಮಲ್ಲಿ ಸುದ್ದಿಯಲ್ಲ, ಕೆಳಗಿನ ಪಟ್ಟಿಯಲ್ಲಿ ಒಂದು ಸಾಲು. ಕೇಂದ್ರ ಸರ್ಕಾರದ್ದೇ ಅಂಕಿ ಅಂಶ: 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತದಲ್ಲಿ ಸತ್ತವರು 1,68,491. ಗಂಟೆಗೆ 19 ಜನ. ನಾನು ಈ ಮಾತು ಮುಗಿಸೋ ಹೊತ್ತಿಗೆ ಮೂರ್ನಾಲ್ಕು ಮನೆಗೆ ಫೋನ್ ಹೋಗಿರತ್ತೆ. ಮರುವರ್ಷ ಅದು 1.72 ಲಕ್ಷ ದಾಟಿತು. ಅದೇ 2022ರಲ್ಲಿ ಹೆಲ್ಮೆಟ್ ಇಲ್ಲದೆ ಸತ್ತವರು 50,029. ಅದರಲ್ಲಿ 14,337 ಜನ ಗಾಡಿ ಓಡಿಸ್ತಿದ್ದವರಲ್ಲ, ಹಿಂದೆ ಕೂತವರು. ಅಂದ್ರೆ ಹೆಂಡತಿ, ತಂಗಿ, ಗೆಳೆಯ. ಹಬ್ಬದ ದಿನ ಬನ್ನಿ ಕೊಡೋಕೆ ಅಂತ ಊರಿಂದ ಊರಿಗೆ ಬೈಕಲ್ಲಿ ಹೋಗೋರು ಎಲ್ಲರೂ ಹೀಗೇ ಅಲ್ವಾ? ಟ್ಯಾಂಕ್ ಮೇಲೆ ಒಂದು ಮಗು, ನಡುವೆ ಒಂದು ಮಗು, ಹಿಂದೆ ತಾಯಿ. ಅವಳ ತಲೆ ಮೇಲೆ ಹೂವಿದೆ, ಹೆಲ್ಮೆಟ್ ಇಲ್ಲ.

ಮತ್ತೆ ಆಯುಧ ಪೂಜೆ. ಗಾಡಿ ತೊಳೀತೀವಿ, ಅರಿಶಿನ ಕುಂಕುಮ ಹಚ್ತೀವಿ, ಗಾಲಿ ಕೆಳಗೆ ನಿಂಬೆಹಣ್ಣು ಇಡ್ತೀವಿ. ತುಂಬಾ ಒಳ್ಳೇದು, ನಾನೂ ಮಾಡ್ತೀನಿ. ಆದರೆ ಸ್ವಾಮಿ, ಬಾಳೆಕಂದು ಕಟ್ಟಿ ಹೆಡ್‌ಲೈಟ್ ಮುಚ್ಚಬೇಡಿ. ಹಾರ ಹಾಕಿ ಕನ್ನಡಿ ಮುಚ್ಚಬೇಡಿ. ಬೂದುಗುಂಬಳ ಒಡೆದರೆ ಅದನ್ನ ರಸ್ತೆ ಮಧ್ಯೆ ಬಿಡಬೇಡಿ. ಪ್ರತಿ ವರ್ಷ ಪೊಲೀಸರು ಕೇಳಿಕೊಳ್ತಾರೆ, ಪ್ರತಿ ವರ್ಷ ಮರುದಿನ ಬೈಕ್‌ಗಳು ಜಾರ್ತವೆ. ನಮ್ಮ ಗಾಡಿಗೆ ದೃಷ್ಟಿ ತೆಗೆದು ಪಕ್ಕದವನ ಕೈಕಾಲು ಮುರಿಯೋದು ಯಾವ ಪೂಜೆ? ಪೂಜೆಗೆ ಮುಂಚೆ ಟೈರ್ ಒಮ್ಮೆ ನೋಡಿ. ಬ್ರೇಕ್ ನೋಡಿ. ಹಿಂದಿನ ಕೆಂಪು ದೀಪ ಉರಿಯತ್ತಾ ನೋಡಿ.

ಸರ್ಕಾರ ಏನು ಮಾಡಬೇಕು? ಆಗಲ್ಲ ಅನ್ನೋ ಮಾತನ್ನ ನಾನು ಒಪ್ಪಲ್ಲ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಸಾಲು ಸಾಲು ಸಾವು ಆದಾಗ 2023ರ ಆಗಸ್ಟ್ 1ರಿಂದ ಬೈಕ್, ಆಟೋ, ಟ್ರ್ಯಾಕ್ಟರ್ ನಿಲ್ಲಿಸಿದರು. ಕ್ಯಾಮೆರಾ ಹಾಕಿದರು, ವೇಗಕ್ಕೆ ದಂಡ ಹಾಕಿದರು. ಸಾವು ಇಳಿಯಿತು. ಅಲ್ಲಿ ಆಗಿದ್ದು ಹಿರಿಯೂರು–ಬಳ್ಳಾರಿ–ಸಿಂಧನೂರು ದಾರಿಗೆ ಯಾಕೆ ಆಗಲ್ಲ? ಆ ಕಡೆ ಹೋಗೋರು ಕಾರಲ್ಲಿ ಹೋಗೋರಲ್ಲ, ಕ್ರೂಸರ್‌ನಲ್ಲಿ ಹೋಗೋರು ಅಂತಲಾ? ಹಬ್ಬಕ್ಕೆ ವಿಶೇಷ ಬಸ್ ಬಿಡ್ತೀರಿ, ಸರಿ. ಗುಳೆ ಹೋದವರು ಯಾವ ಬಡಾವಣೆಯಲ್ಲಿ, ಯಾವ ಶೆಡ್‌ನಲ್ಲಿ ಎಷ್ಟು ಸಾವಿರ ಇದ್ದಾರೆ ಅನ್ನೋದು ಗುತ್ತಿಗೆದಾರರಿಗೆ ಗೊತ್ತು, ಕಾರ್ಮಿಕ ಇಲಾಖೆಗೆ ಗೊತ್ತಾಗಬೇಕು. ಅಲ್ಲಿಂದಲೇ ನೇರ ಬಸ್ ಬಿಡಿ, ಹಗಲು ಒಂದು, ಸಂಜೆ ಒಂದು. ಮೊಬೈಲ್‌ನಲ್ಲಿ ಸೀಟು ಕಾಯ್ದಿರಿಸೋಕೆ ಬರದವನಿಗೂ ಸೀಟು ಸಿಗಲಿ. ಇನ್ನು ಆ ಹದಿನೆಂಟು ಜನರ ಗಾಡಿಯನ್ನ ರಾತ್ರಿ ಚೆಕ್‌ಪೋಸ್ಟ್‌ನಲ್ಲಿ ಹಿಡಿದು ದಂಡ ಹಾಕಿ ಮುಂದೆ ಕಳಿಸೋದು ಇದೆಯಲ್ಲ, ಅದಕ್ಕಿಂತ ವಿಚಿತ್ರ ಇನ್ನೊಂದಿಲ್ಲ. ದಂಡ ಕಟ್ಟಿದ ಮೇಲೆ ಗಾಡಿಯ ಭಾರ ಕಮ್ಮಿ ಆಯ್ತಾ?

ಅಪಘಾತ ಆದ ಜಾಗದಲ್ಲಿ ನೀವಿದ್ದರೆ ಮೊಬೈಲ್ ಎತ್ತಿ ವಿಡಿಯೋ ಮಾಡಬೇಡಿ, 108ಕ್ಕೆ ಫೋನ್ ಮಾಡಿ, 112ಕ್ಕೆ ಮಾಡಿ, ರಾಷ್ಟ್ರೀಯ ಹೆದ್ದಾರಿಯಾದರೆ 1033. ಗಾಯಾಳುವನ್ನ ಆಸ್ಪತ್ರೆಗೆ ಸೇರಿಸಿದರೆ ಪೊಲೀಸರು ನಿಮ್ಮನ್ನ ಕೂರಿಸಿಕೊಳ್ಳೋ ಹಾಗಿಲ್ಲ, ಕಾಯ್ದೆಯ 134ಎ ಕಲಂ ನಿಮ್ಮ ರಕ್ಷಣೆಗಿದೆ. 2025ರ ಮೇ ತಿಂಗಳಿಂದ ಗಾಯಾಳುಗಳಿಗೆ ಏಳು ದಿನ, ಒಂದೂವರೆ ಲಕ್ಷದವರೆಗೆ ನಗದಿಲ್ಲದ ಚಿಕಿತ್ಸೆಯ ಯೋಜನೆ ಜಾರಿಗೆ ಬಂದಿದೆ. ಕೇಳಿ ಪಡೆಯಿರಿ. ಆದರೆ ಸಿಂಧನೂರಿನಲ್ಲಿ ತಲೆಗೆ ಪೆಟ್ಟು ಬಿದ್ದವನನ್ನ ದೊಡ್ಡಾಸ್ಪತ್ರೆಗೆ ಅಂದ್ರೆ ಒಂದೋ ಬಳ್ಳಾರಿಗೆ, ಇಲ್ಲ ರಾಯಚೂರಿನ ರಿಮ್ಸ್‌ಗೆ ಒಯ್ಯಬೇಕು. ಎರಡೂ ಎಂಬತ್ತು ತೊಂಬತ್ತು ಕಿಲೋಮೀಟರ್. ಮೊದಲ ಒಂದು ಗಂಟೆ ಚಿನ್ನದ ಗಂಟೆ ಅಂತಾರೆ ವೈದ್ಯರು. ಆ ಗಂಟೆ ಆ್ಯಂಬುಲೆನ್ಸ್‌ನಲ್ಲೇ ಮುಗಿಯತ್ತೆ.

ಇವತ್ತು ಮಧ್ಯಾಹ್ನ ನಾನೇ ವಳಕಮದಿನ್ನಿಗೆ ಫೋನ್ ಮಾಡಿದ್ದೆ. ಮಗನ ಹತ್ತಿರ ಮಾತಾಡಿದ್ದಾರಂತೆ. ರಾತ್ರಿ ಬಿಟ್ಟರೆ ಬೇರೆ ದಾರಿ ಇಲ್ಲ ಅಂದನಂತೆ. ಆದರೆ ಒಂದು ಕೆಲಸ ಮಾಡಿದ್ದಾನೆ. ಹದಿನೆಂಟು ಜನರಲ್ಲಿ ಐದು ಜನ ಗಂಡಸರು ಇಳಿದು, ಸಿಕ್ಕ ಬಸ್ಸಿಗೆ ನಿಂತುಕೊಂಡಾದರೂ ಬರ್ತೀವಿ ಅಂತ ಸಂಜೆಯೇ ಮೆಜೆಸ್ಟಿಕ್‌ಗೆ ಹೋಗ್ತಾರಂತೆ. ಗಾಡಿಯವನಿಗೆ ಅವರ ದುಡ್ಡೂ ಸೇರಿಸಿ ಕೊಟ್ಟಿದ್ದಾರೆ, ಹಿರಿಯೂರಲ್ಲಿ ಎರಡು ತಾಸು ನಿಲ್ಲಿಸಿ ಮಲಗಬೇಕು ಅಂತ ಷರತ್ತು ಹಾಕಿ. "ಮಲಗ್ತಾನೇನ್ರಿ ಅಂವಾ?" ಅಂತ ಯಜಮಾನರು ನನ್ನನ್ನೇ ಕೇಳಿದರು.

ರಾತ್ರಿ ಹತ್ತಕ್ಕೆ ಹೊರಡ್ತಾರೆ. ಈಗ ಒಂಬತ್ತೂವರೆ. ಬೆಳಿಗ್ಗೆ ಎಲ್ಲರೂ ಊರಲ್ಲಿ ಇಳಿದ ಮೇಲೆ ಫೋನ್ ಮಾಡ್ತೀನಿ ಅಂದಿದ್ದಾರೆ. ನನ್ನ ನಂಬರ್ ಕೊಟ್ಟಿದ್ದೀನಿ.