ಅಂಗವಿಕಲ ಮಕ್ಕಳ ಮುಂದಿನ ಓದು
(ಶತಮಾನೋತ್ಸವ ಸಮಾರಂಭದಲ್ಲಿ ವಿಚಾರಣಾ ಗುರುಗಳು ಮಾಡಿದ ಭಾಷಣ)



ಪಾರ್ಶ್ವವಾಯು ಪೀಡಿತನೊಬ್ಬನನ್ನು ನಾಲ್ವರು ಹೊತ್ತು ತಂದು, ಮಾಳಿಗೆಯನ್ನು ತೆರೆದು, ಯೇಸುಸ್ವಾಮಿಯ ಮುಂದೆ ಇಳಿಸಿದ ಪ್ರಸಂಗವನ್ನು ತಾವೆಲ್ಲರೂ ಬಲ್ಲಿರಿ. ನಾವಾದರೋ, ಅಂಗವಿಕಲ ಮಗು ಹತ್ತನೆಯ ತರಗತಿ ಮುಗಿಸಿದೊಡನೆ 'ಇನ್ನು ಸಾಕು' ಎಂದು ಮನೆಯಲ್ಲಿ ಕೂರಿಸುತ್ತೇವೆ. ಅಂಥ ಮನೆಗಳಲ್ಲಿ ಜಪ ಮಾಡಿ ಹಿಂದಿರುಗಿದ ನಾನೂ ಮುಂದಿನ ಓದಿನ ಮಾತೆತ್ತಲಿಲ್ಲ. ಆ ತಪ್ಪನ್ನು ಇಂದು ಒಪ್ಪಿಕೊಳ್ಳುತ್ತೇನೆ.

ಶೇಕಡ 40ಕ್ಕೆ ಕಡಿಮೆಯಿಲ್ಲದ ವೈಕಲ್ಯವುಳ್ಳ ಮಕ್ಕಳಿಗೆ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕನ್ನು 2016ರ ಅಧಿನಿಯಮವು ಕೊಟ್ಟಿದೆ. ಸರ್ಕಾರಿ ಹಾಗೂ ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಅವರಿಗೆ ಕನಿಷ್ಠ ಶೇಕಡ 5ರಷ್ಟು ಸ್ಥಾನಗಳು ಮೀಸಲು. ಹನ್ನೊಂದನೆಯ ತರಗತಿಯಿಂದ ಸ್ನಾತಕೋತ್ತರ ಪದವಿಯವರೆಗೆ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನವೂ ಉಂಟು. ಇವುಗಳಿಗೆಲ್ಲ ಮೊದಲು ಬೇಕಾದುದು ವೈದ್ಯರ ಪ್ರಮಾಣಪತ್ರ ಮತ್ತು ಯು.ಡಿ.ಐ.ಡಿ. ಗುರುತಿನ ಚೀಟಿ. ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ವಿಚಾರಿಸಿರಿ.

ಕೂಲಿ ಬಿಟ್ಟು, ಮಗುವನ್ನೆತ್ತಿಕೊಂಡು, ಬಸ್ಸು ಹತ್ತಿ ಕಚೇರಿಗೆ ಅಲೆಯುವುದು ಒಬ್ಬ ತಾಯಿಯಿಂದಾಗದು. ಹೊರಲು ನಾಲ್ವರು ಬೇಕು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ನಮ್ಮವರಲ್ಲಿ ವಾಹನವುಳ್ಳವರು ಕರೆದೊಯ್ಯಲಿ. ಗಣಕಯಂತ್ರ ಬಲ್ಲ ಯುವಜನರು ಅರ್ಜಿ ತುಂಬಲಿ. ಇದು ಬೇಡಿ ಪಡೆಯುವ ಭಿಕ್ಷೆಯಲ್ಲ, ಆ ಮಕ್ಕಳ ಹಕ್ಕು. ನೂರು ತುಂಬಿದ ದೇವಾಲಯಕ್ಕೆ ಇದಕ್ಕಿಂತ ಮಿಗಿಲಾದ ಕಾಣಿಕೆ ಯಾವುದಿದ್ದೀತು?

ದೇವರು ನಿಮ್ಮೆಲ್ಲರನ್ನು ಆಶೀರ್ವದಿಸಲಿ.